ಬೆಂಕಿಪೊಟ್ಟಣದೊಳಗಿನ ತಲೆ

ಅಂಗಿಯ ಕಾಲರಿನ ಮಡಿಕೆಯಿಂದ ಆಕೆ ಮೂರನೆಯ ಸೂಜಿಯನ್ನು ಎಳೆದು ತೆಗೆದಳು. ಗಂಡನಿಗೆ ಕೊನೆಯ ಸಲ ತೊಡಿಸಲೆಂದು ಬೀರುವಿನಿಂದ ತೆಗೆದ ಬಿಳಿ ಅಂಗಿ ಅದು. ಇಸ್ತ್ರಿ ಮಾಡಿಟ್ಟು ವರ್ಷವಾಗಿದ್ದರೂ ಅವನು ಕೆಲಸದ ನಡುವೆ ಸಿಕ್ಕಿಸಿಕೊಂಡು ಮರೆತ, ಕೂದಲಿನಷ್ಟು ತೆಳ್ಳಗಿನ ಸೂಜಿಗಳು ಅಲ್ಲೇ ಬೀಡುಬಿಟ್ಟಿದ್ದವು.

“ಇನ್ನೂ ಎಷ್ಟಿವೆ ಅತ್ತಿಗೆ?” ಮೈದುನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ. “ಹನ್ನೊಂದಕ್ಕೆ ಗಾಡಿ ಬರುತ್ತೆ.”

“ನನಗೇನು ಗೊತ್ತಪ್ಪ. ನಿಮ್ಮಣ್ಣನ ಬಟ್ಟೆ ಒಗೆದು ಬೆರಳು ಚುಚ್ಚಿಸಿಕೊಳ್ಳದ ವಾರವೇ ಇರಲಿಲ್ಲ.”

ಆಕೆಗೆ ಇನ್ನೂ ಅಳು ಬಂದಿರಲಿಲ್ಲ. ಎಂಟು ತಿಂಗಳು ಕಾಯಿಲೆಯವನ ಹಾಸಿಗೆಯ ಪಕ್ಕ ಕೂತು, ಎದ್ದು, ಅವನ ಮಗ್ಗುಲು ಬದಲಿಸಿ, ಮತ್ತೆ ಕೂತು ಸೊಂಟ ಬಿದ್ದುಹೋಗಿತ್ತು. ಎಲ್ಲರೂ ಹೋದ ಮೇಲೆ ಬರಿನೆಲದ ಮೇಲಾದರೂ ಸರಿ, ಒಂದು ನಿದ್ದೆ ಮಾಡಬೇಕು ಎನ್ನುವುದೊಂದೇ ಆಸೆ. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಮೂವತ್ತನಾಲ್ಕು ವರ್ಷ ಅವನು ಸಂಗ್ರಹಾಲಯದ ಕೀಟ ವಿಭಾಗದಲ್ಲಿ ಸತ್ತ ಹುಳುಗಳಿಗೆ ಸೂಜಿ ಚುಚ್ಚಿ, ಕಾಲು ಮೀಸೆ ನೆಟ್ಟಗೆ ಮಾಡಿ, ಮುರಿದದ್ದನ್ನು ಅಂಟಿಸಿ, ಅಡಿಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಚೀಟಿ ಬರೆದು ಸಿಕ್ಕಿಸಿದವನು. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಹಿಡಿದವರು ಯಾರು, ಗುರುತಿಸಿದವರು ಯಾರು ಎಲ್ಲವೂ ಆ ಚೀಟಿಯಲ್ಲಿರುತ್ತಿತ್ತು. ಚುಚ್ಚಿದವನ ಹೆಸರಿಗೆ ಅದರಲ್ಲಿ ಜಾಗವಿರಲಿಲ್ಲ. ಬೀದಿಯವರೂ ಸೂಜಿಯಣ್ಣ ಎಂದೇ ಕರೆದು ಕರೆದು, ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಹೊರಗೆ ಕುರ್ಚಿಗಳಲ್ಲಿ ಕೂತವರ ಮಾತು ಕಿಟಕಿಯಿಂದ ಒಳಗೆ ಬರುತ್ತಿತ್ತು.

“ಬಟ್ಟೆ ಹೊಲಿಯೋನು ನಾನು, ಸೂಜಿಯಣ್ಣ ಅನ್ನೋ ಹೆಸರು ಮಾತ್ರ ಅವನಿಗೆ,” ಎಂದ ಎದುರುಮನೆಯ ದರ್ಜಿ. “ಒಂದಿನ ಅಂಗಡಿಗೆ ಬಂದು ನನ್ನ ಸೂಜಿ ನೋಡಿ, ‘ಇದೇನಯ್ಯ, ಸೂಜಿಯೋ ಹಾರೆಯೋ’ ಅಂದುಬಿಟ್ಟ.”

ಎಲ್ಲರೂ ನಕ್ಕರು. ನಕ್ಕದ್ದು ತಪ್ಪಾಯಿತೇನೋ ಎಂಬಂತೆ ಗಂಟಲು ಸರಿಮಾಡಿಕೊಂಡರು.

“ನಮ್ಮಣ್ಣ ಸುಮ್ಮನೆ ಹೋಗಲಿಲ್ಲ,” ಹೊರಗೆ ಬಂದಿದ್ದ ಮೈದುನ ಹೇಳಿದ. “ಹೊಸ ಜಾತಿಯ ಹುಲಿ ಜೀರುಂಡೆ ಒಂದಕ್ಕೆ ಅವನ ಹೆಸರು ಇಡ್ತಿದಾರೆ. ನೂರು ವರ್ಷ ಬಿಟ್ಟು ಪುಸ್ತಕ ತೆಗೆದ್ರೂ ಇರುತ್ತೆ. ನಮ್ಮ ವಂಶದಲ್ಲಿ ಇನ್ಯಾರ ಹೆಸರು ಅಚ್ಚಾಗಿದೆ ಹೇಳಿ?”

ಅಂಗಿಯ ಮೇಲೆ ಆಕೆಯ ಕೈ ಹಾಗೇ ನಿಂತಿತು.

*

ಎರಡು ವರ್ಷದ ಹಿಂದೆ, ಒಂದು ಬೆಳಿಗ್ಗೆ. ಕಣ್ಣು ಮಂಜಾಗತೊಡಗಿದ ಮೇಲೆ ಸೂಜಿಯಣ್ಣ ಮುರುಕು ಹುಳುಗಳನ್ನು ಮನೆಗೇ ತರುತ್ತಿದ್ದ. ಸಂಗ್ರಹಾಲಯದ ದೀಪಕ್ಕಿಂತ ಅಡುಗೆಮನೆಯ ಕಿಟಕಿಯ ಬಿಸಿಲು ವಾಸಿ ಎನ್ನುತ್ತಿದ್ದ. ಆಕೆ ತರಕಾರಿ ಹೆಚ್ಚುವ ಮೇಜಿನ ಆ ತುದಿಯಲ್ಲಿ ಅವನ ಸಂಸಾರ, ಈ ತುದಿಯಲ್ಲಿ ಆಕೆಯದು.

ಆವತ್ತು ಅವನು ನದೀದಂಡೆಯ ಮರಳಿನಲ್ಲಿ ಹಿಡಿದ ಹುಳುಗಳು ಬಂದಿದ್ದ ಹಳೆಯ ಸೀಸೆಯೊಂದನ್ನು ತೊಳೆಯಲು ಅದರೊಳಗಿನ ಹತ್ತಿ ಬಿಡಿಸುತ್ತಿದ್ದ. ಇದ್ದಕ್ಕಿದ್ದಂತೆ ಕೈ ನಿಂತಿತು.

“ಏನ್ರೀ?”

“ತಲೆ.” ಹತ್ತಿಯ ಎಳೆಯಲ್ಲಿ ಎಳ್ಳಿನಷ್ಟು ದೊಡ್ಡ ಹಸಿರು ಚೂರೊಂದು ಸಿಕ್ಕಿಕೊಂಡಿತ್ತು. “ಈ ಸೀಸೆಯಲ್ಲಿ ಎರಡು ಹುಲಿ ಜೀರುಂಡೆಗಳ ತಲೆ ಕಳಚಿತ್ತು ಕಣೇ. ಒಂದರ ಮೈ ಪುಡಿಯಾಗಿತ್ತು. ಒಂದೇ ಮೈ, ಒಂದೇ ತಲೆ ಕಾಣಿಸ್ತು, ಅಂಟಿಸಿದೆ. ಕತ್ತಿನ ಮುರಿತ ನೋಡಿದ್ರೆ ಆ ಮೈಯದ್ದು ಇದು. ನಾನು ಅಂಟಿಸಿದ್ದು ಇನ್ನೊಂದರದ್ದು.”

“ಬಿಡಿಸಿ ಸರಿಮಾಡಿ. ಅದಕ್ಯಾಕೆ ಮುಖ ಹೀಗೆ ಮಾಡ್ಕೊಂಡಿದ್ದೀರಿ?”

ಹಿಂದಿನ ವಾರವಷ್ಟೇ ಕೀಟ ವಿಭಾಗದ ಮೇಡಂ ಆ ಜೀರುಂಡೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕುರ್ಚಿಯಿಂದ ಎದ್ದುಬಿಟ್ಟಿದ್ದರು. ಇಂಥದ್ದು ಎಲ್ಲೂ ದಾಖಲಾಗಿಲ್ಲ ಎಂದಿದ್ದರು. ಎಲ್ಲರೆದುರು ಅವನ ಕೈ ಹಿಡಿದು, ಇದಕ್ಕೆ ನಿಮ್ಮದೇ ಹೆಸರು ಎಂದಿದ್ದರು. ಆ ಸಂಜೆ ಅವನು ಮನೆಗೆ ಬಂದ ನಡಿಗೆಯನ್ನು ಆಕೆ ಮದುವೆಯಾದ ಹೊಸತರಲ್ಲಿ ಕಂಡಿದ್ದಳು, ಮತ್ತೆ ಕಂಡಿರಲಿಲ್ಲ.

ಅವನು ಖಾಲಿ ಬೆಂಕಿಪೊಟ್ಟಣವೊಂದನ್ನು ಕೇಳಿ ತೆಗೆದುಕೊಂಡ.

*

ಹತ್ತೂವರೆಗೆ ಮೇಡಂ ಬಂದರು. ಕಂಕುಳಲ್ಲಿ ಗಾಜಿನ ಮುಚ್ಚಳದ ಮರದ ಪೆಟ್ಟಿಗೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹೆಂಗಸು, ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಂಡೇ ಹತ್ತಿದರು. ಬಿಳಿ ಅಂಗಿ ತೊಟ್ಟು ಮಲಗಿದ್ದವನ ಎದುರು ಬಹಳ ಹೊತ್ತು ನಿಂತು, ಆಮೇಲೆ ಅಡುಗೆಮನೆಗೆ ಬಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು.

“ಅವರಿಗೆ ತೋರಿಸೋಣ ಅಂತ ನಿನ್ನೆಯೇ ತೆಗೆದಿಟ್ಟಿದ್ದೆ ಅಕ್ಕಾ. ಒಂದು ದಿನ ತಡ ಮಾಡಿದೆ.”

ಪೆಟ್ಟಿಗೆಯಲ್ಲಿ ಒಂದೇ ಜೀರುಂಡೆ. ಕಂಚಿನ ಹಸಿರು, ಬೆನ್ನ ಮೇಲೆ ಆರು ಬಿಳಿ ಚುಕ್ಕೆ, ಓಡುತ್ತ ಓಡುತ್ತ ಈಗಷ್ಟೇ ನಿಂತಂತೆ ಕಾಲುಗಳು. ಅಡಿಯಲ್ಲಿ ಕೆಂಪು ಚೀಟಿ: ಆ ಜಾತಿಗೆ ಇದೇ ಮೂಲಮಾದರಿ ಎನ್ನುವ ಗುರುತು.

“ಆರು ಚುಕ್ಕೆಯ ಜಾತಿಗೆ ಬಾಯಿಯ ಮೇಲಿನ ಪಟ್ಟಿಯಲ್ಲಿ ಮೂರೇ ಹಲ್ಲು. ಇದಕ್ಕೆ ಏಳು. ಏಳು ಹಲ್ಲಿನ ಜಾತಿಗೆ ಚುಕ್ಕೆ ಇರಲ್ಲ. ಅದಕ್ಕೇ ಇದು ಹೊಸದು. ಇವತ್ತು ಸಂಜೆಯೊಳಗೆ ನಾನು ಒಪ್ಪಿಗೆ ಕಳಿಸಿದ್ರೆ ಲೇಖನ ಅಚ್ಚಾಗುತ್ತೆ.” ಮೇಡಂ ಮಂಡಿ ನೀವಿಕೊಂಡರು. “ಮುಂದಿನ ತಿಂಗಳಿಂದ ಇದು ಸಿಕ್ಕ ನದೀದಂಡೆಯಲ್ಲೇ ಇರ್ತೀನಿ. ಇಂಥದ್ದೇ ಇನ್ನೊಂದು ಸಿಗಬೇಕು. ಮರಳಲ್ಲಿ ಮಂಡಿಯೂರಿ ಹುಡುಕೋದು ಈ ವಯಸ್ಸಲ್ಲಿ ಕಷ್ಟ. ಆದ್ರೂ ಅವರ ಹುಳ ಅಲ್ವಾ.”

ಆಕೆ ಒಲೆಯ ಕಡೆ ತಿರುಗಿದಳು. ಮೇಲಿನ ಗೂಡಿನಲ್ಲಿ, ಕಡ್ಡಿಗಳಿದ್ದ ಪೊಟ್ಟಣಗಳ ಹಿಂದೆ, ಕಡ್ಡಿಯಿಲ್ಲದ ಪೊಟ್ಟಣವೊಂದಿತ್ತು.

*

ಹತ್ತು ದಿನದ ಹಿಂದೆ ಅವನು ಹಾಸಿಗೆಯಿಂದಲೇ ಕೇಳಿದ್ದ, “ಪೊಟ್ಟಣ ಇದೆಯಾ?”

“ಇದೆ. ಔಷಧಿ ಕುಡೀರಿ ಮೊದಲು.”

“ಹೇಳಿದ್ರೆ ಹೆಸರು ಹೋಗುತ್ತೆ. ಹೇಳದಿದ್ರೆ ನಿದ್ದೆ ಹೋಗುತ್ತೆ. ಎರಡು ವರ್ಷದಿಂದ ಇದೇ ಆಯ್ತು.” ಉಸಿರು ಎಳೆದುಕೊಳ್ಳಲು ನಿಲ್ಲಿಸಿದ. “ನನ್ನ ಕೈಯಲ್ಲಾಗ್ಲಿಲ್ಲ ಕಣೇ. ನಿನ್ನ ಕೈಯಲ್ಲಾದ್ರೆ ನೋಡು.”

“ಮೂವತ್ತನಾಲ್ಕು ವರ್ಷ ದುಡಿದಿದ್ದೀರಿ. ಒಂದು ಹುಳಕ್ಕೆ ಹೆಸರು ಇದ್ದರೆ ಯಾರ ಗಂಟು ಹೋಗುತ್ತೆ?” ಎಂದು ಆಕೆ ಗದರಿದ್ದಳು. ಅವನು ಗೋಡೆಯ ಕಡೆ ಮಗ್ಗುಲಾಗಲು ನೋಡಿ, ಆಗದೆ, ಆಕೆಯನ್ನೇ ಕರೆದಿದ್ದ.

*

ಯಾರ ಗಂಟು ಹೋಗುತ್ತದೆ ಎನ್ನುವುದು ಈಗ ಎದುರಿಗೆ ಮಂಡಿ ನೀವಿಕೊಳ್ಳುತ್ತ ಕೂತಿತ್ತು. ಇಲ್ಲದ ಹುಳವನ್ನು ಹುಡುಕುತ್ತ ಈ ಹೆಂಗಸು ಬಿಸಿಲಲ್ಲಿ ಮರಳು ಸೋಸುತ್ತಾಳೆ. ಬಾಯಿಬಿಟ್ಟರೆ ನಡುಮನೆಯಲ್ಲಿ ಮಲಗಿದವನನ್ನು ಇನ್ನೊಂದು ಸಲ ಸಾಯಿಸಿದಂತೆ. ಆಕೆಗೆ ಗಂಡನ ಮೇಲೆ ಸಿಟ್ಟು ಬಂತು. ಜೀವಮಾನವಿಡೀ ಹುಳುಗಳನ್ನು ಸರಿಮಾಡಿ, ಇದೊಂದನ್ನು ತನ್ನ ಪಾಲಿಗೆ ಬಿಟ್ಟು ಹಾಯಾಗಿ ಹೋಗಿಬಿಟ್ಟನಲ್ಲ!

ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು.

“ಅದರ ತಲೆ ಇದು ಮೇಡಂ. ನೀವು ನೋಡಿದ್ದು ಬೇರೆಯದರ ತಲೆ. ಗೊತ್ತಿಲ್ಲದೆ ಅಂಟಿಸಿದ್ರು. ಗೊತ್ತಾದ ಮೇಲೆ ಹೇಳೋಕೆ ಆಗ್ಲಿಲ್ಲ.”

ಮೇಡಂ ಮೊದಲು ನಕ್ಕರು. ಆಮೇಲೆ ಆಕೆಯ ಮುಖ ನೋಡಿ, ಚೀಲದಿಂದ ಭೂತಗನ್ನಡಿ ತೆಗೆದು ಜೀರುಂಡೆಯ ಕತ್ತನ್ನು ಪರೀಕ್ಷಿಸಿದರು. “ಅಂಟೇ ಕಾಣಿಸ್ತಿಲ್ಲ ಅಕ್ಕಾ.”

“ಅವರು ಅಂಟಿಸಿದ್ದು ಯಾವತ್ತು ಕಾಣಿಸಿದೆ? ಬಿಸಿನೀರು ಕೊಡಲಾ? ಬಿಡಿಸೋಕೆ ಬರದ ಅಂಟು ಹಚ್ಚಬಾರದು ಅಂತಿದ್ರು.”

ಕುಂಚದ ತುದಿಯಿಂದ ಒಂದು ಹನಿ ಬಿಸಿನೀರು. ಇಬ್ಬರೂ ಮೇಜಿನ ಮೇಲೆ ಬಾಗಿ ಕಾದರು. ಹೊರಗೆ ದರ್ಜಿ ಏನೋ ಹೇಳುತ್ತಿದ್ದ. ಇನ್ನೊಂದು ಹನಿ. ಮೇಡಂ ಚಿಮಟದಿಂದ ಮೆಲ್ಲಗೆ ಮುಟ್ಟಿದರು. ತಲೆ ತಾನಾಗಿಯೇ ಕಳಚಿ ಬಂತು.

ಪೊಟ್ಟಣದಲ್ಲಿದ್ದ ತಲೆಯನ್ನು ಮೇಡಂ ಭೂತಗನ್ನಡಿಯಡಿ ಹಿಡಿದು ನೋಡಿದರು. ಒಮ್ಮೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

“ಮೂರು,” ಎಂದರು. “ನಮ್ಮಲ್ಲಿ ಇಂಥವು ನೂರಾರು ಇವೆ.”

ಕುರ್ಚಿಗೊರಗಿ ಕಣ್ಣು ಮುಚ್ಚಿಕೊಂಡರು. ಎರಡು ವರ್ಷದ ಕೆಲಸ ಒಂದು ಲೋಟ ಬಿಸಿನೀರಿನಲ್ಲಿ ಹೋಗಿತ್ತು.

“ಬೈಕೊಳ್ಳಿ ಮೇಡಂ. ಇವತ್ತೊಂದು ದಿನ ಬಿಟ್ಟು ಬೈಕೊಳ್ಳಿ.”

“ಬೈಯೋಕೂ ಸುಸ್ತು ಅಕ್ಕಾ,” ಎಂದರು ಮೇಡಂ. ಕೆಂಪು ಚೀಟಿಯನ್ನು ಸೂಜಿಯಿಂದ ಜಾರಿಸಿ ಮೇಜಿನ ಮೇಲಿಟ್ಟರು. “ತಪ್ಪು ತಲೆಯನ್ನ ಎಸೆಯೋ ಹಾಗಿಲ್ಲ. ಅದಕ್ಕೆ ಬೇರೆ ಸೂಜಿ, ಬೇರೆ ಚೀಟಿ ಬೇಕು. ಅಂಟಿಸಿದವರು ಯಾರು ಅಂತ ಬರೀಬೇಕು. ಅದು ನಿಯಮ.”

“ನಾನೇ ಬರೀತೀನಿ.”

ಗಂಡನ ಸಣ್ಣ ಮೊನೆಯ ಪೆನ್ನು ಕಿಟಕಿಯಲ್ಲೇ ಇತ್ತು. ಆದರೆ ಆಕೆಯ ಅಕ್ಷರ ಅವನದಷ್ಟು ಸಣ್ಣದಾಗಲು ಒಪ್ಪಲಿಲ್ಲ. ‘ತಪ್ಪಾಗಿ ಅಂಟಿಸಿದ ತಲೆ. ಅಂಟಿಸಿದವರು’ ಎನ್ನುವಷ್ಟರಲ್ಲಿ ಚೀಟಿ ತುಂಬಿತು. ಇನ್ನೂ ದೊಡ್ಡ ಚೀಟಿ ಕತ್ತರಿಸಿಕೊಂಡಳು.

“ಅತ್ತಿಗೆ, ಗಾಡಿ ಬಂತು!” ಎಂದು ಮೈದುನ ಕೂಗಿದ.

“ಒಂದು ನಿಮಿಷ ನಿಲ್ಲಿಸಪ್ಪ.”

ಬೆಳಿಗ್ಗೆ ತೆಗೆದ ಮೂರು ಸೂಜಿಗಳನ್ನು ಎಲ್ಲಿಟ್ಟಿದ್ದಳೋ ನೆನಪಾಗಲಿಲ್ಲ. ನಡುಮನೆಗೆ ಹೋಗಿ, ಸುತ್ತ ನಿಂತವರನ್ನು ಸರಿಸಿ, ಗಂಡನ ಕಾಲರಿನ ಮಡಿಕೆಯೊಳಗೆ ಬೆರಳು ಹಾಯಿಸಿದಳು. ಎಡಗಡೆ ಇಲ್ಲ. ಬಲಗಡೆ, ಕಿವಿಯ ಕೆಳಗೆ, ಚುಚ್ಚಿತು. ಆಗ ಅಳು ಬಂತು. ಅಳುತ್ತಲೇ ನಾಲ್ಕನೆಯ ಸೂಜಿ ಎಳೆದುಕೊಂಡಳು. ಮೈದುನ ಗಾಬರಿಯಾಗಿ ಆಕೆಯ ತೋಳು ಹಿಡಿದ.

ನಾಲ್ವರು ಅವನನ್ನು ಎತ್ತಿಕೊಂಡು ಹೊರಟರು. ಹಿಂದೆ ಮೇಡಂ, ಮೆಟ್ಟಿಲ ಮೇಲೆ ಮಂಡಿ ಹಿಡಿದು, ಬೆಂಕಿಪೊಟ್ಟಣ ಚೀಲಕ್ಕೆ ಹಾಕಿ, ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಇಳಿದರು. ಗಾಜಿನಡಿಯಲ್ಲಿ ತಲೆಯಿಲ್ಲದ ಜೀರುಂಡೆ, ಅದರ ಪಕ್ಕ ನಾಲ್ಕನೆಯ ಸೂಜಿಯ ಮೇಲೆ ಎಳ್ಳಿನಷ್ಟು ತಪ್ಪು ತಲೆ. ಅದರ ಅಡಿಯ ಚೀಟಿ ಮಾತ್ರ ಇಡೀ ಹುಳುವಿಗಿಂತ ಅಗಲ, ಅದರ ತುಂಬ ಅವನ ಹೆಸರು, ಅವನ ತಂದೆಯ ಹೆಸರಿನೊಂದಿಗೆ, ಹೆಂಡತಿಯ ದಪ್ಪ ಅಕ್ಷರದಲ್ಲಿ.