ಸ್ಪಿರಿಟ್ ಮಾತ್ರ ಹಾಕಿದ ತಟ್ಟೆ

ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ಬೆನ್ನ ಹಿಂದೆ ಕಷಾಯ ಸಾಹೇಬರು ಎನ್ನುತ್ತಿದ್ದರು. ಮರಕ್ಕೆ ಬಂದ ರೋಗವಿರಲಿ, ತಮಗೆ ಬಂದ ನೆಗಡಿಯಿರಲಿ, ಯಾವುದಾದರೂ ಸೊಪ್ಪು ಅರೆಯದೆ ಅವರಿಗೆ ಸಮಾಧಾನವಿಲ್ಲ. ಅವರ ಕೈಕೆಳಗಿನ ಸಹಾಯಕಿ ಅವಳು; ಶಿಲೀಂಧ್ರ ಬೆಳೆಸುವುದು ಅವಳ ಕೆಲಸ. ತಾಳೆ ಮರದ ಬುಡ ಕೊಳೆಸುವ ಶಿಲೀಂಧ್ರವನ್ನು ಗಾಜಿನ ತಟ್ಟೆಗಳಲ್ಲಿ ಮಗುವಿನಂತೆ ಸಾಕಿ, ಆಮೇಲೆ ಅದನ್ನೇ ಕೊಲ್ಲಲು ನೋಡುವುದು. ಕೇಳಿದವರು ಮೂಗು ಮುರಿಯುತ್ತಿದ್ದರು.

ಆ ವರ್ಷ ಒಂದು ಔಷಧಿ ಗಿಡದ ಎಲೆಯನ್ನು ಸ್ಪಿರಿಟ್‌ನಲ್ಲಿ ನೆನೆಸಿ, ಸೋಸಿ, ಆ ರಸವನ್ನು ತಟ್ಟೆಗೆ ಬೆರೆಸಿದಾಗ ಶಿಲೀಂಧ್ರ ತಲೆಯೆತ್ತಲಿಲ್ಲ. ಅವಳು ಕುಣಿಯದಿದ್ದುದೇ ಹೆಚ್ಚು. ಆದರೂ ಒಂದು ಅನುಮಾನ ಬಾಯಿಗೆ ಬಂತು.

"ಬರೀ ಸ್ಪಿರಿಟ್ ಹಾಕಿ ಒಂದು ತಟ್ಟೆ ಇಡಬೇಕಿತ್ತು ಸರ್. ಕೊಂದಿದ್ದು ಎಲೆನೋ ಸ್ಪಿರಿಟ್ಟೋ ಗೊತ್ತಾಗಲ್ಲ."

"ಎಲ್ಲದಕ್ಕೂ ಅಪಶಕುನ ನುಡೀಬೇಡಮ್ಮ," ಎಂದರು ಸಾಹೇಬರು. "ಕಣ್ಣೆದುರಿಗೇ ಸತ್ತು ಬಿದ್ದಿದೆಯಲ್ಲ."

ಖುಷಿಯ ಹೊತ್ತಿನಲ್ಲಿ ತಕರಾರು ತೆಗೆಯಲು ಅವಳಿಗೂ ಮನಸ್ಸಿರಲಿಲ್ಲ.

ಅದೇ ವಾರ ಅವಳ ತಮ್ಮ ಫೋನ್ ಮಾಡಿದ. ಅವನ ತಾಳೆ ತೋಟದಲ್ಲಿ, ಪಂಪಿನ ಕೋಣೆಯ ಪಕ್ಕದ ಮರವೊಂದರ ಬುಡದಲ್ಲಿ ಅಣಬೆ ಎದ್ದಿತ್ತು. ಅದೇ ರೋಗ. ಅದಕ್ಕೆ ಹಳೆಯ ಮದ್ದು ಒಂದೇ: ಮರ ಕಡಿದು, ಬೇರು ಸಮೇತ ಕಿತ್ತು ಸುಟ್ಟು, ಸುತ್ತ ಕಂದಕ ತೋಡುವುದು. ಬಿಟ್ಟರೆ ಬೇರಿನಿಂದ ಬೇರಿಗೆ ದಾಟುತ್ತದೆ. ಗರಗಸದವನಿಗೆ ತಮ್ಮ ಆಗಲೇ ಹೇಳಿದ್ದ.

"ಕಡೀಬೇಡ ಕಣೋ," ಎಂದಳು. "ನಮ್ಮ ಹತ್ರ ಔಷಧಿ ಇದೆ."

"ನೀನು ಹೇಳಿದ್ಮೇಲೆ ಇನ್ನೇನಕ್ಕ," ಎಂದು ಅವನು ಗರಗಸದವನನ್ನು ವಾಪಸು ಕಳಿಸಿದ.

ವಿಷಯ ಕೇಳಿ ಸಾಹೇಬರಿಗೆ ಹಾಲು ಕುಡಿದಷ್ಟು ಸಂತೋಷ. ತೋಟಕ್ಕೆಲ್ಲ ಸ್ಪಿರಿಟ್ ಎಲ್ಲಿಂದ ತರುವುದು ಎಂದು ಎಲೆಯನ್ನು ನೀರಿನಲ್ಲೇ ಕುದಿಸಿ ಆ ಮರದ ಬುಡಕ್ಕೆ ಹುಯ್ಯಿಸಿದರು. ಅದಕ್ಕೆ ಹಸಿರು ಫಲಕವೊಂದನ್ನು ತೂಗುಹಾಕಿ, ಬಂದುಹೋದವರ ಜೊತೆಯೆಲ್ಲ ಫೋಟೊ ತೆಗೆಸಿಕೊಂಡರು. ತಮ್ಮನೂ ಹೊಸ ಅಂಗಿ ತೊಟ್ಟು ಹಲ್ಲು ಬಿಟ್ಟುಕೊಂಡು ನಿಂತಿದ್ದ. ಅಣಬೆಯನ್ನು ಮೊದಲೇ ಕೆರೆದು ತೆಗೆದಿದ್ದರಿಂದ ಫೋಟೊದಲ್ಲಿ ಅದು ಕಾಣಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ, ಸಾಹೇಬರ ಲೇಖನ ಓದಿದ ಹೊರಗಿನ ತಜ್ಞರೊಬ್ಬರು ಬರೀ ಸ್ಪಿರಿಟ್ಟಿನ ತಟ್ಟೆ ಎಲ್ಲಿ ಎಂದು ಕೇಳಿದರು. ಅವಳು ಈಗ ಇಟ್ಟಳು. ಜೊತೆಗೆ, ತೋಟಕ್ಕೆ ಹುಯ್ದ ಕಷಾಯದ್ದೂ ಒಂದು ತಟ್ಟೆ. ವಾರ ಬಿಟ್ಟು ಕಪಾಟು ತೆರೆದರೆ, ಕಷಾಯದ ತಟ್ಟೆಯಲ್ಲಿ ಶಿಲೀಂಧ್ರ ಬೆಳ್ಳಗೆ ಅಂಚಿನವರೆಗೂ ಹಬ್ಬಿತ್ತು. ಸ್ಪಿರಿಟ್ ಮಾತ್ರ ಇದ್ದ ತಟ್ಟೆಯಲ್ಲಿ ಏನೂ ಬೆಳೆದಿರಲಿಲ್ಲ; ಅಂದು ಕೊಂದಿದ್ದು ಎಲೆಯಲ್ಲ. ಅವಳಿಗೆ ಸಾಹೇಬರ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಹೇಸಿಗೆಯೇ ಹೆಚ್ಚಾಯಿತು.

ಸಾಹೇಬರು ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿದರು. "ಎಲೆ ಬಲಿತಿರಲಿಲ್ಲ ಅನ್ಸುತ್ತೆ. ಬೇರೆ ಗಿಡ ನೋಡೋಣ ಬಿಡು," ಎಂದರು. ಅವರಿಗೆ ಗಿಡಗಳ ಬರವಿರಲಿಲ್ಲ.

ಅವಳು ಮೆಟ್ಟಿಲ ಹತ್ತಿರ ನಿಂತು ತಮ್ಮನಿಗೆ ಫೋನ್ ಮಾಡಿದಳು. "ಆ ಮರ ಕಡಿಸಿಬಿಡೋ. ಇವತ್ತೇ ಕಡಿಸು. ನಮ್ಮ ಔಷಧಿ ಕೆಲಸ ಮಾಡಲ್ಲ."

ಆ ಕಡೆ ಅವನು ಪಂಪು ನಿಲ್ಲಿಸಿದ್ದು ಕೇಳಿಸಿತು. ಅವನು ಬಾಯಿಗೆ ಬಂದಂತೆ ಬೈದಿದ್ದರೂ ಅವಳಿಗೆ ಹಗುರವಾಗುತ್ತಿತ್ತು.

"ನಾನೇ ಹೇಳೋಣ ಅಂತಿದ್ದೆ ಅಕ್ಕ," ಎಂದ. "ನಿನ್ನ ಕೆಲಸಕ್ಕೆ ಏನಾದ್ರೂ ತೊಂದರೆ ಆಗುತ್ತೇನೋ ಅಂತ ಸುಮ್ಮನಿದ್ದೆ. ಪಂಪಿನಿಂದ ರಸ್ತೆವರೆಗೂ ಎಲ್ಲ ಮರದ ಬುಡದಲ್ಲೂ ಅಣಬೆ ಎದ್ದಿದೆ. ಯಾವುದರಿಂದ ಶುರು ಮಾಡ್ಲಿ, ಹೇಳು."