ಅರ್ಧ ಸಾಲು ಹಿಂದೆ

ಅಪ್ಪ ಹೋಗಿ ಹನ್ನೊಂದು ವರ್ಷ. ದಿನಾ ಬೆಳಿಗ್ಗೆ ಅವರು ವಾಚಿಸಿದ ಪದ್ಯಗಳನ್ನು ಪ್ಲೇಯರಿನಲ್ಲಿ ಹಾಕಿ, ಕಣ್ಣು ಮುಚ್ಚಿ, ಜೊತೆಜೊತೆಗೆ ಹೇಳಿಕೊಳ್ಳುತ್ತೇನೆ. ನನ್ನ ಪೂಜೆ ಎಂದರೆ ಅಷ್ಟೇ.

ಅಣ್ಣನ ಕೆಲಸ ಆಡಿಯೊ ಉಪಕರಣಗಳನ್ನು ಅಳೆದು ಪಾಸು ಮಾಡುವುದು. ಮೊನ್ನೆ ಹೊಸ ಪ್ಲೇಯರ್ ತಂದ. ಅಪ್ಪನ ಮೂಲ ರೆಕಾರ್ಡಿಂಗನ್ನೇ ಅದಕ್ಕೆ ತುಂಬಿಸಿದ್ದ. ಎರಡು ಸಾಲು ಕೇಳುವಷ್ಟರಲ್ಲಿ ನಿಲ್ಲಿಸಿಬಿಟ್ಟೆ.

“ಇದು ಅಪ್ಪನ ದನಿ ಅಲ್ಲ ಕಣೋ ಅಣ್ಣ.”

“ಶುರು ಮಾಡಿದ್ಯಾ? ಕಿವಿಗೆ ಗೊತ್ತಾಗೋ ಅಂಥ ದೋಷ ಇದ್ರಲ್ಲಿ ಒಂದೂ ಇಲ್ಲ. ನಾನೇ ಅಳೆದಿದೀನಿ.”

“ಅಳತೆ ಸರಿ ಇರಬಹುದು. ದನಿ ತೆಳ್ಳಗಿದೆ. ಏನೋ ಅವಸರ.”

“ನಿನ್ನ ಕಿವಿಗೆ ಸರ್ಟಿಫಿಕೇಟ್ ಕೊಟ್ಟೋರು ಯಾರಮ್ಮ?”

“ಅಪ್ಪ.”

ಅವನು ನಗಲಿಲ್ಲ. ಹಳೆಯದು, ಹೊಸದು ಎರಡನ್ನೂ ಟವೆಲಿನಡಿ ಮುಚ್ಚಿ, ಸದ್ದು ಸಮ ಮಾಡಿ, ಹತ್ತು ಸಲ ಕೇಳಿಸಿದ. ಹತ್ತಕ್ಕೆ ಹತ್ತೂ ಸರಿಯಾಗಿ ಗುರುತಿಸಿದೆ. ಅವನ ಮುಖ ಸಣ್ಣದಾಯಿತು.

“ಇಷ್ಟು ಒಳ್ಳೇ ಎರಡು ಪೆಟ್ಟಿಗೆ ಮಧ್ಯೆ ಯಾರಿಗೂ ವ್ಯತ್ಯಾಸ ಗೊತ್ತಾಗಬಾರದು.”

ಬಾಯಿ ತೆರೆಯುವ ಮೊದಲು ಅಪ್ಪ ಒಂದು ನಿಮಿಷಕ್ಕೂ ಮೇಲೆ ಸುಮ್ಮನೆ ಕೂರುತ್ತಿದ್ದರು. ಅಷ್ಟು ಹೊತ್ತು ರೆಕಾರ್ಡಿಂಗಿನಲ್ಲಿ ಗೋಡೆ ಗಡಿಯಾರದ್ದೇ ಟಿಕ್‌ಟಿಕ್. ಅದೇ ಗಡಿಯಾರ ಈಗಲೂ ನನ್ನ ತಲೆಯ ಮೇಲಿದೆ. ಅಣ್ಣ ಕೈಗಡಿಯಾರ ನೋಡುತ್ತ ರೆಕಾರ್ಡಿಂಗಿನ ಟಿಕ್‌ಟಿಕ್ ಎಣಿಸಿದ. ಹೊಸದರಲ್ಲಿ ನಿಮಿಷಕ್ಕೆ ಅರವತ್ತು, ಗೋಡೆಯ ಮೇಲಿನದರಷ್ಟೇ. ಹಳೆಯದರಲ್ಲಿ ಐವತ್ತೈದು. ಇನ್ನೊಮ್ಮೆ ಎಣಿಸಿದ. ಐವತ್ತೈದೇ.

ಎರಡನ್ನೂ ನಿಲ್ಲಿಸಿದ.

“ತಪ್ಪು ನಂದೇ. ಹಳೇದಕ್ಕೆ ಕಾಪಿ ಮಾಡುವಾಗ ವೇಗ ತಪ್ಪು ಕೊಟ್ಟಿದೀನಿ. ನಿಧಾನ ಆಗಿದೆ, ದನಿಯೂ ಇಳಿದಿದೆ. ಪೆಟ್ಟಿಗೆ ಅಳೆದೆ, ಒಳಗೆ ಹಾಕಿದ್ದನ್ನ ಅಳೀಲೇ ಇಲ್ಲ.”

“ಕೊನೆಗಾಲದ ಸುಸ್ತು ಅಂದ್ಕೊಂಡಿದ್ವಲ್ಲೋ…”

“ಅಪ್ಪ ಸುಸ್ತಾಗಿರ್ಲಿಲ್ಲ ಕಣೇ.”

ಆ ಸುಸ್ತನ್ನು ನೆನೆದು ನಾನು ಎಷ್ಟು ಬೆಳಗು ಅತ್ತಿದ್ದೆ! ಈಗ ಅದೂ ನನ್ನದಲ್ಲ. ಹೆತ್ತಪ್ಪನ ನಿಜದ ದನಿ ಎದುರಿಗೆ ಬಂದರೆ ಯಾರೋ ಅಂದುಬಿಟ್ಟಿದ್ದೆ.

“ಹಳೇದನ್ನೂ ಇಟ್ಕೋ ಬೇಕಾದ್ರೆ,” ಅಂದ ಹೊರಡುವಾಗ, ನನ್ನ ಮುಖ ನೋಡದೆ.

“ಬೇಡ. ತಗೊಂಡ್ಹೋಗು.”

ಮರುದಿನ ಬೆಳಿಗ್ಗೆ ಹೊಸದನ್ನು ಹಚ್ಚಿ ಕೂತೆ. ಗೋಡೆಯ ಗಡಿಯಾರವೂ ಒಳಗಿನದೂ ಒಂದೇ ನಡೆಯಲ್ಲಿ ಬಡಿಯುತ್ತಿದ್ದವು. ಅಪ್ಪ ಶುರು ಮಾಡಿದರು. ಕಣ್ಣು ಮುಚ್ಚಿ ಜೊತೆ ಸೇರಿಕೊಂಡೆ. ಎರಡನೆಯ ಸಾಲಿಗೇ ಹಿಂದೆ ಬಿದ್ದೆ. ಹನ್ನೊಂದು ವರ್ಷ ಆ ನಿಧಾನಕ್ಕೇ ಪಳಗಿದ ನಾಲಿಗೆ, ಎಷ್ಟು ಓಡಿಸಿದರೂ ಓಡಲಿಲ್ಲ.

ಅವರು ಪದ್ಯ ಮುಗಿಸಿ ಸುಮ್ಮನಾದರು. ನನ್ನ ಬಾಯಲ್ಲಿ ಇನ್ನೂ ಅರ್ಧ ಸಾಲು ಇತ್ತು.