ಸಕ್ಕರೆ ಡಬ್ಬಿಯ ಸದ್ದು

ಭಾನುವಾರ ಬೆಳಗ್ಗೆಯಿಂದ ಮೇಸ್ತ್ರಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಿಟಕಿಯವರೆಗೆ ಹೋದ, ಬಂದ. ಏನೂ ಕೆಡದಿದ್ದ ನಲ್ಲಿಯನ್ನು ಬಿಚ್ಚಿ ಮತ್ತೆ ಕೂಡಿಸಿದ. ಈಗ ಅದು ಸೋರತೊಡಗಿತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ತಲೆ ಎತ್ತದೆ ಹೇಳಿದಳು: "ಕೈ ಕಡೀತಿದ್ರೆ ಮಕ್ಕಳ ಹತ್ರ ಹೋಗ್ರಿ. ನನ್ನ ನಲ್ಲಿ ಏನು ಪಾಪ ಮಾಡಿತ್ತು?"

ಕಡಿಯುತ್ತಿದ್ದದ್ದು ಕೈಯಲ್ಲ, ಮನಸ್ಸು. ಅದನ್ನು ಅವಳಿಗೆ ಹೇಳುವುದು ಹೇಗೆ?

ಬಸ್ ಗ್ಯಾರೇಜಿನಲ್ಲಿ ಅವನಿಗೆ ಕಿವಿಮೇಸ್ತ್ರಿ ಎಂದೇ ಹೆಸರು. ಚಕ್ರವನ್ನು ಜಾಕ್ ಕೊಟ್ಟು ಎತ್ತಿಸಿ, ಕೈಯಲ್ಲಿ ತಿರುಗಿಸಲು ಹೇಳಿ, ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಅಚ್ಚಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದನೆಂದರೆ ಇಡೀ ಗ್ಯಾರೇಜು ಬಾಯಿ ಮುಚ್ಚುತ್ತಿತ್ತು. "ಬೇರಿಂಗ್ ಹೋಗಿದೆ" ಎಂದರೆ ಹೋಗಿದೆ. "ಸರಿ ಇದೆ" ಎಂದರೆ ಬಸ್ಸು ಹೊರಟಿತು, ಎರಡನೇ ಮಾತಿಲ್ಲ. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಆದರೆ ಈಚೆಗೆ ಸಣ್ಣ ಸದ್ದುಗಳೆಲ್ಲ ಹೇಳದೆ ಕೇಳದೆ ಎಲ್ಲಿಗೋ ಹೊರಟುಹೋಗಿದ್ದವು. ದಪ್ಪ ಸದ್ದು ಕೇಳಿಸುತ್ತಿತ್ತು, ಸಣ್ಣದು ಇಲ್ಲ. ಕಿವಿಮೇಸ್ತ್ರಿಗೆ ಕಿವಿಯೇ ಇಲ್ಲ ಅಂತ ಊರಿಗೆಲ್ಲ ಡಂಗುರ ಸಾರಿಕೊಳ್ಳಲಿಕ್ಕಾಗುತ್ತದೆಯೇ? ಬಾಯಿ ಹೊಲಿದುಕೊಂಡು ಓಡಾಡುತ್ತಿದ್ದ.

ಶನಿವಾರ ಸಂಜೆ ಹದಿನಾಲ್ಕನೇ ನಂಬರಿನ ಬಸ್ಸಿನ ಡ್ರೈವರು ಬಂದು, "ಅಣ್ಣ, ಮುಂದಿನ ಎಡಗಾಲಿ ಯಾಕೋ ಎಳೀತಿದೆ, ಒಂಚೂರು ನೋಡು" ಎಂದಿದ್ದ. ಮೇಸ್ತ್ರಿ ಕಿವಿ ಕೊಟ್ಟ. ಏನೂ ಕೇಳಿಸಲಿಲ್ಲ. ಸುತ್ತ ನಿಂತವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. "ಸರಿ ಇದೆ" ಎಂದುಬಿಟ್ಟ. ಅದು ಸೋಮವಾರ ಬೆಳಗ್ಗೆ ಶಾಲೆಮಕ್ಕಳನ್ನು ತುಂಬಿಕೊಂಡು ಗುಡ್ಡದ ರಸ್ತೆ ಹತ್ತುವ ಬಸ್ಸು.

ಅಡುಗೆಮನೆಯ ನೆಲದ ಮೇಲೆ ಮಕ್ಕಳು ಸಂತೆ ಹರಡಿಕೊಂಡಿದ್ದರು. ಮನೆಯ ಸಾಮಾನಿನಿಂದಲೇ ವಾದ್ಯ ಮಾಡಿ ತರಬೇಕೆಂದು ಟೀಚರ್ ಹೇಳಿದ್ದರಂತೆ. ಮಗಳಿಗೆ ಒಂಬತ್ತು ವರ್ಷ. ಪ್ರತಿಯೊಂದಕ್ಕೂ ಸಾಕ್ಷಿ ಕೇಳುವವಳಾದ್ದರಿಂದ ಮನೆಯಲ್ಲಿ ಅವಳು ಲಾಯರಮ್ಮ. ಐದು ವರ್ಷದ ತಮ್ಮ ಗುಂಡ. ಚಪ್ಪಲಿಯ ರಟ್ಟಿನ ಡಬ್ಬಕ್ಕೆ ಲಾಯರಮ್ಮ ರಬ್ಬರ್ ಬ್ಯಾಂಡು ಸುತ್ತಿದ್ದಳು. ಮೀಟಿದರೆ ಅದು ಗೊರಗೊರ ಎನ್ನುತ್ತಿತ್ತು.

"ರಬ್ಬರ್ ಡಬ್ಬಕ್ಕೆ ತಗಲ್ತಿದೆ ಕಣೇ. ಕೆಳಗೊಂದು ಪೆನ್ಸಿಲ್ ಅಡ್ಡ ತೂರಿಸು," ಎಂದು ಮೇಸ್ತ್ರಿ ತಾನೇ ತೂರಿಸಿದ. ಈಗ ಚೆನ್ನಾಗಿ ನುಡಿಯಿತು. ಹಳೆಯ ಬಣ್ಣದ ಡಬ್ಬಿಯ ಬಾಯಿಗೆ ಸೈಕಲ್ ಟ್ಯೂಬು ಕತ್ತರಿಸಿ ಬಿಗಿದ. ಗುಂಡ ಸೌಟಿನಿಂದ ಬಾರಿಸಿದ. ಢಂ! ಅದು ಮೇಸ್ತ್ರಿಯ ಎದೆಯವರೆಗೂ ಕೇಳಿಸಿತು. ಎಷ್ಟು ಖುಷಿಯಾಯಿತೆಂದರೆ, ಗುಂಡ ನಾಲ್ಕು ಸಲ ಬಾರಿಸಿದ ಮೇಲೂ "ಇನ್ನೊಂದ್ಸಲ ಬಾರಿಸೋ" ಎಂದ. ಅಷ್ಟು ಹೊತ್ತು ಹದಿನಾಲ್ಕನೇ ನಂಬರು ಮರೆತುಹೋಗಿತ್ತು.

ಮರೆತದ್ದು ಅಷ್ಟೇ ಹೊತ್ತು. ಗುಂಡ ಒಂದು ಸಣ್ಣ ಡಬ್ಬಿಯನ್ನು ಅಪ್ಪನ ಮುಖದ ಹತ್ತಿರ ತಂದು ಅಲ್ಲಾಡಿಸಿದ.

"ಖಾಲಿ ಡಬ್ಬಿ ಯಾಕೋ ಅಲ್ಲಾಡಿಸ್ತೀಯ, ಪೆದ್ದ? ಒಳಗೇನಾದ್ರೂ ಹಾಕು."

"ಸಕ್ಕರೆ ಹಾಕಿದೀನಲ್ಲ," ಎಂದ ಗುಂಡ, ಮುಖ ಸಪ್ಪೆ ಮಾಡಿಕೊಂಡು.

ಲಾಯರಮ್ಮ ರಬ್ಬರ್ ಬ್ಯಾಂಡು ಬಿಟ್ಟು ಅಪ್ಪನನ್ನೇ ನೋಡಿದಳು. ಏಳು ಗಾಜಿನ ಲೋಟಗಳನ್ನು ಸಾಲಾಗಿ ಇಟ್ಟು, ಒಂದಕ್ಕಿಂತ ಒಂದಕ್ಕೆ ಕಡಿಮೆ ನೀರು ಹಾಕಿದ್ದಳು. "ಅಪ್ಪ, ಕಣ್ಣು ಮುಚ್ಕೋ. ಚಮಚದಲ್ಲಿ ಹೊಡೀತೀನಿ. ಯಾವುದು ಸರಿಯಿಲ್ಲ ಅಂತ ಹೇಳ್ಬೇಕು."

ಮೇಸ್ತ್ರಿ ಕಣ್ಣು ಮುಚ್ಚಿದ. ಮೊದಲೆರಡು ಲೋಟ ಕೇಳಿಸಿದವು. ಮೂರನೆಯದು ಕೇಳಿಸಿತೋ ಇಲ್ಲವೋ ಎಂಬಂತಿತ್ತು. ಆಮೇಲೆ ಬರೀ ಹೊಲಿಗೆ ಯಂತ್ರದ ಸದ್ದು. ಲೆಕ್ಕಕ್ಕೆ ಏಳಾಗುವಷ್ಟು ಹೊತ್ತು ಕಾದ. ಹಾಳಾದ ನಾಲಿಗೆ ಅಭ್ಯಾಸಬಲದಿಂದ ಹೇಳಿತು: "ಸರಿ ಇದೆ."

ಕಣ್ಣು ಬಿಟ್ಟರೆ ಲಾಯರಮ್ಮನ ಎರಡು ಕೈಯೂ ಬೆನ್ನ ಹಿಂದೆ ಇದ್ದವು. ಚಮಚ ಗುಂಡನ ಬಾಯಲ್ಲಿತ್ತು.

"ಮೂರೇ ಹೊಡೆದಿದ್ದು ಅಪ್ಪ. ಮಿಕ್ಕಿದ್ದು ಹೊಡೀಲೇ ಇಲ್ಲ."

ಹೊಡೆಯದ ಲೋಟವನ್ನೇ ಸರಿ ಇದೆ ಎಂದವನು ಆ ಚಕ್ರಕ್ಕೆ ಏನು ಹೇಳಿದ್ದ? ಏನು ಹೇಳಿದ್ದ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಗಳು ನಗಲಿಲ್ಲ. ನಕ್ಕಿದ್ದರೆ ಬೈದು ತಪ್ಪಿಸಿಕೊಳ್ಳಬಹುದಿತ್ತು.

"ಚಪ್ಪಲಿ ಹಾಕ್ಕೋ," ಎಂದ. "ಗ್ಯಾರೇಜಿಗೆ ಹೋಗಿ ಬರೋಣ."

"ಊಟದ ಹೊತ್ತಲ್ಲಿ ಎಲ್ಲಿಗ್ರೀ?" ಎಂದು ಹೆಂಡತಿ ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ನಿಲ್ಲುತ್ತಿರಲಿಲ್ಲ.

ಭಾನುವಾರದ ಗ್ಯಾರೇಜಿನಲ್ಲಿ ಕಾವಲುಗಾರನನ್ನು ಬಿಟ್ಟರೆ ಫೋರ್‌ಮನ್ ಒಬ್ಬನೇ ಇದ್ದ, ಅವನೂ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಮೇಸ್ತ್ರಿ ಅವನನ್ನು ಎಬ್ಬಿಸಲಿಲ್ಲ. ಹಿಂದಿನ ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು ಹದಿನಾಲ್ಕರ ಮುಂದಿನ ಎಡಗಡೆ ಜಾಕ್ ಇಟ್ಟು ಎತ್ತಿದ. ಸ್ಕ್ರೂಡ್ರೈವರಿನ ತುದಿಯನ್ನು ತಾನೇ ಒತ್ತಿ ಹಿಡಿದು, ಹಿಡಿಯನ್ನು ಮಗಳ ಕಿವಿಗೆ ಹಚ್ಚಿದ. ಇನ್ನೊಂದು ಕೈಯಿಂದ ಚಕ್ರವನ್ನು ತಿರುಗಿಸಿದ. ಅವಳು ಕಣ್ಣು ಮುಚ್ಚಿದಳು. ಥೇಟ್ ಅವನ ಹಾಗೇ, ಹುಬ್ಬು ಗಂಟು ಹಾಕಿಕೊಂಡು.

"ಏನಾದ್ರೂ ಕೇಳಿಸ್ತಾ?"

"ಹೂಂ. ಗುಂಡನ ಸಕ್ಕರೆ ಡಬ್ಬಿ ಅಲ್ಲಾಡಿಸ್ದಂಗೆ. ಸಣ್ಣಕ್ಕೆ."

"ಬಲಗಡೆದೂ ಕೇಳು."

ಬಲಗಡೆಯದನ್ನು ಎತ್ತಿ ತಿರುಗಿಸಿದ. "ಇದರಲ್ಲಿ ಸಕ್ಕರೆ ಇಲ್ಲ," ಎಂದಳು.

ಎಡಚಕ್ರ ಬಿಚ್ಚುವ ಗದ್ದಲಕ್ಕೆ ಫೋರ್‌ಮನ್ ಕಣ್ಣುಜ್ಜುತ್ತ ಬಂದ. ಮೇಸ್ತ್ರಿ ಬೇರಿಂಗನ್ನು ಹೊರಕ್ಕೆಳೆದು ಬಟ್ಟೆಯಲ್ಲಿ ಒರೆಸಿ ತೋರಿಸಿದ. ಒಳಮೈ ತರಚಿಹೋಗಿತ್ತು. ಗ್ರೀಸಿನಲ್ಲಿ ಕಬ್ಬಿಣದ ಪುಡಿ ಮಿಂಚುತ್ತಿತ್ತು. ಫೋರ್‌ಮನ್ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ.

"ನಾಳೆ ಇದು ಗುಡ್ಡ ಹತ್ತಬೇಕಿತ್ತಲ್ಲೋ ಮಾರಾಯ. ಅದಕ್ಕೇ ನಿನ್ನ ಕಿವಿಮೇಸ್ತ್ರಿ ಅನ್ನೋದು. ಮನೇಲಿ ಕೂತಲ್ಲೇ ಕೇಳಿಸ್ಕೊಂಡುಬಿಟ್ಯಾ?"

ಅಲ್ಲಿಗೆ ಮುಗಿಸಬಹುದಿತ್ತು. ಒಂದು ಹೂಂ ಅಂದರೆ ಸಾಕು, ಹೆಸರೂ ಉಳಿಯುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಮೇಸ್ತ್ರಿಗೆ ಆ ಹೂಂ ಗಂಟಲವರೆಗೆ ಬಂತು. ಮಗಳ ಕಡೆ ನೋಡಿದ. ಎಲ್ಲದಕ್ಕೂ ಸಾಕ್ಷಿ ಕೇಳುವ ಲಾಯರಮ್ಮ ಒಂದು ಮಾತೂ ಆಡದೆ ತನ್ನ ಚಪ್ಪಲಿ ನೋಡುತ್ತ ನಿಂತಿದ್ದಳು. ಅಪ್ಪನ ಮಾನ ಉಳಿಸಲೆಂದು ಅವಳು ಸುಮ್ಮನಿದ್ದದ್ದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

"ನಂಗೆ ಕೇಳಿಸಲ್ಲ," ಎಂದ. "ಆರು ತಿಂಗಳಾಯ್ತು, ಸಣ್ಣ ಸದ್ದು ಒಂದೂ ಕೇಳಿಸಲ್ಲ. ಇದನ್ನ ಕೇಳಿದ್ದು ಇವಳು. ನಿನ್ನೆ ನಾನು ಸುಳ್ಳೇ ಸರಿ ಇದೆ ಅಂದೆ. ಈ ವಾರ ಇನ್ನೂ ಮೂರು ಬಸ್ಸಿಗೆ ಹಂಗೇ ಅಂದಿದೀನಿ."

ಫೋರ್‌ಮನ್ ಅವನನ್ನೂ ಮಗುವನ್ನೂ ನೋಡಿದ. ಬೇರಿಂಗನ್ನು ಕೈಯಲ್ಲಿ ಹಿಡಿದು, ಬೆನ್ನು ತಿರುಗಿಸಿ ಬಸ್ಸುಗಳ ಸಾಲಿನತ್ತ ನಡೆಯುತ್ತ ಮೆಲ್ಲಗೆ ಏನೋ ಹೇಳಿದ.

ಮೇಸ್ತ್ರಿಗೆ ಕೇಳಿಸಲಿಲ್ಲ. ಕೇಳಿಸಿದವನಂತೆ ತಲೆಯಾಡಿಸುವುದು ಅವನಿಗೆ ಅಭ್ಯಾಸವಾಗಿತ್ತು. ಈ ಸಲ ಆಡಿಸಲಿಲ್ಲ. ಬಗ್ಗಿ ಮಗಳನ್ನು ಕೇಳಿದ: "ಏನಂದ್ರು?"

"ಜಾಕ್ ತಗೊಂಡು ಬಾ ಅಂದ್ರು, ಅಪ್ಪ."